ಮೀನಿನಚ್ಚಿನ ನೂರಿಪ್ಪತ್ತು ತಟ್ಟೆ

ಮರದ ತೊಗಟೆ ಬೇಯುವ ವಾಸನೆ. ನನ್ನ ಬಾಲ್ಯದ ಮಳೆಗಾಲ ಎಂದರೆ ಅದೇ. ಉಡುಪಿಯ ಹತ್ತಿರ ಕಡಲಿಗೆ ತಾಗಿಕೊಂಡಿದ್ದ ಮೊಗವೀರರ ಕೇರಿಯಲ್ಲಿ ನಮ್ಮ ಮನೆ. ಜೂನ್ ಬಂತೆಂದರೆ ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ಅಜ್ಜ ಹಿತ್ತಲ ಚಪ್ಪರದಡಿ ದೊಡ್ಡ ಹಂಡೆಯಲ್ಲಿ ತೊಗಟೆ ಕುದಿಸುತ್ತಿದ್ದ. ಆ ಕೆಂಪು ಕಷಾಯದಲ್ಲಿ ಅದ್ದಿ ತೆಗೆದರೆ ನೂಲಿನ ಬಲೆ ಉಪ್ಪುನೀರಿಗೆ ಬೇಗ ಕೊಳೆಯುತ್ತಿರಲಿಲ್ಲ. ಒಗರು, ಹೊಗೆ, ಎಲ್ಲೋ ಸ್ವಲ್ಪ ಬೆಲ್ಲ. ಹಾಗಿತ್ತು ಆ ವಾಸನೆ. ಬಲೆ ಒಣಗಿದ ಮೇಲೆ ಅಜ್ಜ ಅದರ ಕಣ್ಣುಗಳೊಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದ. ನೂಲು ನೆನೆದು ಕುಗ್ಗಿ ಬೆರಳು ಸಲೀಸಾಗಿ ಹೋಗದಿದ್ದರೆ ಅಷ್ಟು ಭಾಗ ಕತ್ತರಿಸಿ ಮತ್ತೆ ಹೆಣೆಯುತ್ತಿದ್ದ.

"ಯಾಕಜ್ಜ, ಚೆನ್ನಾಗಿಯೇ ಉಂಟಲ್ಲ?" ಎಂದು ನಾನು ಕೇಳಿದ್ದೆ.

"ಮರಿಗಳು ಹೊರಗೆ ಹೋಗ್ಲಿಕ್ಕೆ ಬಾಗಿಲು ಬೇಡವಾ?" ಎಂದಿದ್ದ.

ಈಗ ನಾನಿರುವುದು ಠಾಣೆಯ ಹತ್ತಿರದ ಐರೋಲಿಯಲ್ಲಿ. ಇಲ್ಲಿ ಮಳೆ ಬಂದರೆ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನ ವಾಸನೆ ಬರುತ್ತದೆ, ಗಾಳಿ ತಿರುಗಿದರೆ ಸೇತುವೆಯ ಮೇಲೆ ಸಾಲುಗಟ್ಟಿ ನಿಂತ ವಾಹನಗಳದ್ದು. ಡೊಂಬಿವಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ಇಲ್ಲಿಗೆ ಬಂದೆ. ತಂಗಿಯ ಮಗ ತಾರಾನಾಥನ ಮನೆ ಎದುರಿನ ಕಟ್ಟಡದಲ್ಲಿ, ಅವನ ಹೋಟೆಲು ಎರಡು ರಸ್ತೆ ಆಚೆ. ಹೋಟೆಲಿನ ಹೆಸರು 'ಪಡುಗಾಳಿ'. ಐಟಿ ಪಾರ್ಕಿನ ಹುಡುಗ ಹುಡುಗಿಯರು ಮಧ್ಯಾಹ್ನ ಮೀನಿನ ಊಟಕ್ಕೆ ಅಲ್ಲಿ ಸಾಲು ನಿಲ್ಲುತ್ತಾರೆ. ನನಗೂ ಅಲ್ಲೊಂದು ಹುದ್ದೆಯುಂಟು. ದಿನಾ ಬೆಳಿಗ್ಗೆ ಹತ್ತೂವರೆಗೆ ಹೋಗಿ ತೆಂಗಿನಕಾಯಿ ಅರೆದು ಮಾಡಿದ ಮೀನಿನ ಗಸಿಯ ಹುಳಿ ಸರಿಯಾಗಿದೆಯೇ ಎಂದು ರುಚಿ ನೋಡುವುದು. ನನ್ನ ತಂಗಿ ಇದ್ದಿದ್ದರೆ ಅವಳು ಮಾಡುತ್ತಿದ್ದ ಕೆಲಸ.

ಚಾಂಗುಣಾ ಬರುವುದೂ ಅದೇ ಹೊತ್ತಿಗೆ. ಅವಳು ದಿವಾಳೆ ಕೋಳಿವಾಡೆಯವಳು, ಅಂದರೆ ಅಲ್ಲಿಯ ಮೀನುಗಾರರ ಕೇರಿಯವಳು. ಅಣ್ಣನ ದೋಣಿಯ ಮೀನನ್ನು ಬುಟ್ಟಿಯಲ್ಲಿ ಹೊತ್ತು, ಬೇಲಾಪುರದಲ್ಲಿ ರೈಲಿನ ಲಗೇಜ್ ಡಬ್ಬಿ ಹತ್ತಿ ಐರೋಲಿಯಲ್ಲಿ ಇಳಿಯುತ್ತಾಳೆ. ಹದಿನೆಂಟು ವರ್ಷದಿಂದ ಪಡುಗಾಳಿಯ ಹಿಂಬಾಗಿಲಿಗೆ ಮೀನು ಕೊಡುತ್ತಿದ್ದವಳು ಅವಳೊಬ್ಬಳೇ. ಅವಳ ಮರಾಠಿಯನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳಗಳನ್ನು ಮಾತ್ರ ಬಿಟ್ಟಿದ್ದೇನೆ. ಸಮಾಧಾನದಲ್ಲಿದ್ದರೆ ತಾರಾನಾಥ ಅವಳಿಗೆ 'ತಾರಾಶೇಟ್', ಸಿಟ್ಟು ಬಂದರೆ 'ತಾರ್ಯಾ'.

ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಮೀನು ತಂದುಕೊಟ್ಟವರನ್ನು ಉಣ್ಣಿಸದೆ ಕಳುಹಿಸುತ್ತಿರಲಿಲ್ಲ. ತಂಗಿ ಅದನ್ನು ಹೋಟೆಲಿಗೂ ತಂದಿದ್ದಳು. ಮೀನು ಇಳಿಸಿ, ಕೈ ತೊಳೆದು, ಚಾಂಗುಣಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಒಂದು ತಟ್ಟೆ ಕುಚ್ಚಲಕ್ಕಿ ಅನ್ನ, ಹಿಂದಿನ ದಿನದ ಗಸಿ ಉಂಡು ಹೋಗುತ್ತಿದ್ದಳು. ತಂಗಿ ಹೋದ ಮೇಲೆ ಆ ತಟ್ಟೆ ಬಡಿಸುತ್ತಿದ್ದವಳು ಮಾನಮ್ಮ. ಪಾತ್ರೆ ತೊಳೆಯುವುದು, ಮೀನು ಶುಚಿ ಮಾಡುವುದು ಅವಳ ಕೆಲಸ. ಊರು ರಾಯಚೂರಿನ ಕಡೆ. ಅವಳಿಗೆ ಮರಾಠಿ ಬಾರದು, ಚಾಂಗುಣಾಗೆ ಕನ್ನಡ ಬಾರದು. ಆದರೂ ಇಬ್ಬರೂ ಅಲ್ಲಿ ಕಾಲು ಗಂಟೆ ಏನೇನೋ ಮಾತಾಡಿಕೊಂಡು ನಗುತ್ತಿದ್ದರು.

ಈ ಸಲದ ಮಳೆಗಾಲದಲ್ಲಿ, ಮೀನುಗಾರಿಕೆಗೆ ರಜೆ ಇದ್ದ ಎರಡು ತಿಂಗಳಲ್ಲಿ, ತಾರಾನಾಥನಿಗೆ ಒಂದು ಯೋಚನೆ ಬಂತು. ಪಡುಗಾಳಿಯಲ್ಲಿ ಆಗ ಮೊಟ್ಟೆ ಗಸಿ, ಒಣಮೀನಿನ ಚಟ್ನಿ, ಸೌತೆಕಾಯಿ ಸಾಂಬಾರು. ಗಿರಾಕಿ ಕಡಿಮೆ, ಮಾಲಿಕನ ತಲೆಗೆ ಬಿಡುವು. ಒಂದು ದಿನ ನನ್ನನ್ನು ಕರೆದು ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟ.

"ಹೇಗುಂಟು ದೊಡ್ಡಮ್ಮ?"

ಅನ್ನಕ್ಕೊಂದು ಗುಳಿ, ಗಸಿಗೊಂದು, ಪುನರ್ಪುಳಿ ಸಾರಿಗೊಂದು. ನಡುವೆ, ನಾವು ಮಾಂಜಿ ಎನ್ನುವ, ಇಲ್ಲಿಯವರು ಪಾಪ್ಲೇಟ್ ಎನ್ನುವ ಮೀನಿನದೇ ಆಕಾರದ ಗುಳಿ. ಅಗಲ ಹೊಟ್ಟೆ, ಮೊನಚು ಬಾಯಿ, ಕವಲು ಬಾಲ.

"ಉಲ್ಹಾಸನಗರದಲ್ಲಿ ಮಾಡಿಸಿದ್ದು. ನೂರಿಪ್ಪತ್ತು! ಹುರಿದ ಮೀನು ತಂದು ಇದ್ರಲ್ಲಿ ಇಟ್ರೆ ಕೀಲಿ ಕೂತ ಹಾಗೆ ಕೂತ್ಕೊಳ್ತದೆ. ಫೋಟೋ ಹೊಡ್ದು ಹೊಡ್ದು ಹಾಕ್ತಾರೆ ನೋಡಿ."

"ಚಂದ ಉಂಟು," ಎಂದೆ. ನಿಜವಾಗಿಯೂ ಚಂದವಿತ್ತು. ನಾನಾಗ ಅಳತೆ ನೋಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಮೊದಲು ಅಳೆಯಿರಿ, ಆಮೇಲೆ ಬರೆಯಿರಿ ಎಂದು ಹೇಳಿದವಳು ನಾನೇ.

ಮಾನಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ತಾಟಿನ್ಯಾಗ ಮೀನಿಂದು ಗುಂಡಿ ಒತ್ತಿಸ್ಯಾರಲ್ರೀ ಅಮ್ಮಾರ! ಬಾಲದ ಮೂಲ್ಯಾಗ ಬಟ್ಟ ಹೋಗಂಗಿಲ್ಲ. ಕಡ್ಡಿ ಹಾಕಿ ತಿಕ್ಕಬೇಕು ನಾನು."

ಆಗಸ್ಟ್ ಒಂದಕ್ಕೆ ಸರ್ಕಾರದ ರಜೆ ಮುಗಿಯಿತು. ಆದರೆ ಚಾಂಗುಣಾಳ ಕಡೆಯವರು ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸುವವರೆಗೆ ದೋಣಿ ಇಳಿಸುವುದಿಲ್ಲ. ತಾರಾನಾಥನಿಗೂ ಅದು ಗೊತ್ತು. ಹೊಸ ತಟ್ಟೆಯ ಉದ್ಘಾಟನೆಯನ್ನು ಹುಣ್ಣಿಮೆಯ ನಂತರದ ವಾರಕ್ಕೇ ಇಟ್ಟುಕೊಂಡ. ಅಷ್ಟು ಮರ್ಯಾದೆ ಅವನಲ್ಲಿ ಉಂಟು.

ಆ ದಿನ ಚಾಂಗುಣಾ ಹಸಿರು ಸೀರೆ ಉಟ್ಟು, ತುರುಬಿಗೆ ಅಬೋಲಿ ಹೂ ಮುಡಿದು ಬಂದಳು. ಬುಟ್ಟಿಯ ಮೇಲಿನ ಗೋಣಿ ಸರಿಸಿದರೆ ಬೆಳ್ಳಿಯ ಬಿಲ್ಲೆಗಳ ಹಾಗೆ ಮಾಂಜಿ. ತಾರಾನಾಥ ಆಸೆ ತಡೆಯಲಾರದೆ ಒಂದು ಹಸಿ ಮೀನನ್ನೇ ಎತ್ತಿ ಗುಳಿಯಲ್ಲಿಟ್ಟ. ಬಾಯಿ ಅನ್ನದ ಗುಳಿಗೆ ಹೋಯಿತು, ಬಾಲ ಪುನರ್ಪುಳಿಯ ಗುಳಿಗೆ. ಇನ್ನೊಂದು ಇಟ್ಟ. ಅದೂ ಹಾಗೇ.

"ಎಂತ ಚಾಂಗುಣಾ ಇದು, ಒಂದೂ ಕೂರುದಿಲ್ಲ! ಹುರಿದ್ರೂ ಕೂರ್ಲಿಕ್ಕಿಲ್ಲ."

"ಮೀನಿಗೆ ಕೂರೋಕೆ ಕುರ್ಚಿ ಮಾಡಿಸಿದ್ದೀಯಾ ತಾರಾಶೇಟ್?"

"ತಮಾಷೆ ಬೇಡ. ಇವತ್ತು ಇರ್ಲಿ. ನಾಳೆಯಿಂದ ಇದಕ್ಕಿಂತ ಚಿಕ್ಕದು ತಾ. ಹೋದ ವರ್ಷ ತರ್ತಿದ್ದಿಯಲ್ಲ."

"ಹೋದ ವರ್ಷ ತರ್ತಿದ್ದೆ. ಈ ವರ್ಷದಿಂದ ಇಲ್ಲ."

ಅವಳು ಎಡಗೈಯ ಬಳೆಗಳನ್ನು ಮೇಲೆ ಸರಿಸಿದಳು. ಒಳಮಗ್ಗುಲಲ್ಲಿ ಹಳೆಯ ಹಚ್ಚೆ, ತುಳಸಿ ಗಿಡದ್ದು. ಬುಟ್ಟಿಯಿಂದ ಒಂದು ಮೀನು ತೆಗೆದು ಮಣಿಕಟ್ಟಿನ ಗೆರೆಗೆ ಬಾಯಿ ತಾಗುವಂತೆ ಕೈಮೇಲೆ ಮಲಗಿಸಿದಳು. ಬಾಲ ತುಳಸಿಯನ್ನು ದಾಟಿತ್ತು.

"ಇಲ್ಲಿಂದ ಇಲ್ಲಿಗೆ. ರಜೆಯಲ್ಲಿ ಮೀನುಗಾರಿಕೆ ಇಲಾಖೆ ಸಾಹೇಬರು ಬಂದು ನಮ್ಮ ಮೀನುಗಾರರ ಸೊಸೈಟಿ ಗೋಡೆಗೆ ಚಾರ್ಟ್ ಅಂಟಿಸಿದ್ರು. ಪಾಪ್ಲೇಟ್ ಹದಿಮೂರೂವರೆ ಸೆಂಟಿಮೀಟರ್, ಅದಕ್ಕಿಂತ ಚಿಕ್ಕದು ಹಿಡಿಯಬಾರ್ದು ಅಂತ. ನಂಗೆ ಸೆಂಟಿಮೀಟರ್ ಯಾವ ಊರು? ಮೊಮ್ಮಗಳು ಪಟ್ಟಿ ಇಟ್ಟು ನೋಡಿದ್ಲು. ನಮ್ಮಜ್ಜಿ ಚುಚ್ಚಿಸಿದ ತುಳಸಿ ಸರಿಯಾಗಿ ಅಲ್ಲೇ ಇದೆ! ತುಳಸಿ ದಾಟದ ಮೀನು ನನ್ನ ಬುಟ್ಟಿಗೆ ಬರಲ್ಲ."

"ಚಾರ್ಟು ದೋಣಿಯವರಿಗೆ. ನಿಂಗೆ ಯಾಕೆ?"

"ನಾವು ಮಾರ್ತೀವಿ ಅಂತ ಅವರು ಹಿಡೀತಾರೆ. ಗಂಡಸರು ಬಲೆ ನೋಡ್ಕೊಳ್ಳಲಿ, ಹೆಂಗಸರು ಬುಟ್ಟಿ ನೋಡ್ಕೊಳ್ಳೋಣ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದವಳೇ ನಾನು. ನಮ್ಮಪ್ಪನ ಕಾಲಕ್ಕೆ ಒಂದು ಹಗಲಲ್ಲಿ ಬುಟ್ಟಿ ತುಂಬ್ತಿತ್ತು. ಈಗ ಅಣ್ಣ ಮೂರು ದಿನ ದೂರ ಹೋಗಿ ಬರ್ತಾನೆ. ಮರಿಗಳನ್ನೇ ತಿಂದು ಮುಗಿಸಿದ್ರೆ ಇನ್ನೇನಾಗತ್ತೆ?"

"ಸಭೆ ನಿಮ್ಮದು, ಹೋಟೆಲು ನನ್ನದು. ಹೊಸ ತಟ್ಟೆ ನೂರಿಪ್ಪತ್ತು ಉಂಟಲ್ಲ, ಅದನ್ನು ಎಂತ ಮಾಡುದು?"

"ಇಡ್ಲಿ ಬೇಯಿಸು. ಮೀನಿನಾಕಾರದ ಇಡ್ಲಿ."

ಮಾನಮ್ಮ ಭಾಷೆ ತಿಳಿಯದೆಯೂ ಕಿಸಕ್ಕನೆ ನಕ್ಕಳು. ತಾರಾನಾಥನಿಗೆ ಅದು ಇನ್ನೂ ನಾಟಿತು. ಅವನು ಕೆಟ್ಟವನಲ್ಲ, ಆದರೆ ಹೊಸ ಸಾಮಾನು ತಂದ ದಿನ ಗಂಡಸರನ್ನು ನೋಡಿ ನಗಬಾರದು.

"ಹಾಗಾದ್ರೆ ನಾಳೆಯಿಂದ ಹೋಲ್‌ಸೇಲಿನ ಶೈಲೇಶ್ ಹತ್ರ ತರಿಸ್ತೇನೆ. ಒಂದೇ ಸೈಜು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಮನೆಬಾಗಿಲಿಗೆ ತಂದು ಕೊಡ್ತಾನೆ. ನಾಟಕ ಇಲ್ಲ."

ಚಾಂಗುಣಾ ಬಳೆ ಕೆಳಗಿಳಿಸಿ, ಅಂದಿನ ಮೀನನ್ನು ಟಬ್ಬಿಗೆ ಸುರಿದಳು. "ತರಿಸ್ಕೋ ತಾರ್ಯಾ," ಎಂದು ಬುಟ್ಟಿ ತಲೆಗೇರಿಸಿದಳು. ಮಾನಮ್ಮ ತಟ್ಟೆಗೆ ಅನ್ನ ಹಾಕಿ ಗಸಿಯ ಸೌಟು ಎತ್ತಿ ನಿಂತಿದ್ದಳು. ಚಾಂಗುಣಾ ಮೆಟ್ಟಿಲ ಮೇಲೆ ಕೂರದೆ ಇಳಿದು ಹೋದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮರುದಿನದಿಂದ ಶೈಲೇಶನ ಪೆಟ್ಟಿಗೆ ಬಂತು. ಮೀನು ಗುಳಿಯಲ್ಲಿ ಕೀಲಿಯ ಹಾಗೆ ಕೂತವು. ತಾರಾನಾಥ ಹೇಳಿದಂತೆ ಹುಡುಗಿಯರು ಫೋಟೋ ತೆಗೆದರು. ಅವನು ದುಡ್ಡಿನ ಗಲ್ಲೆಯ ಹಿಂದೆ ನಿಂತು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ಗಸಿಗೆ ಇನ್ನೊಂದಿಷ್ಟು ಹುಳಿ ಬೇಕು ಎಂದೆ.

ಮಾನಮ್ಮ ಕಡ್ಡಿ ಹಾಕಿ ಗುಂಡಿ ತಿಕ್ಕಿದಳು. ಆದರೆ ದಿನಾ ಹತ್ತೂವರೆಗೆ ಒಂದು ಹಳೆಯ ತಟ್ಟೆಯಲ್ಲಿ ಅನ್ನ, ಗಸಿ ಹಾಕಿ, ಮೇಲೊಂದು ಪ್ಲೇಟು ಮುಚ್ಚಿ ಹಿಂಬಾಗಿಲ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಹನ್ನೊಂದಕ್ಕೆ ಅದನ್ನೆತ್ತಿಕೊಂಡು ತಾನೇ ಉಣ್ಣುತ್ತಿದ್ದಳು.

"ಅವಳು ಬರುದಿಲ್ಲ ಮಾನಮ್ಮ," ಎಂದೆ ಒಮ್ಮೆ.

"ಬಂದ್ರ ಬರ್ಲಿ, ಬಿಟ್ರ ಬಿಡ್ಲಿ ಅಮ್ಮಾರ. ಬಂದಾಗ ತಾಟ ಇರ್ಲಿಲ್ಲಂದ್ರ ನಮ್ಮ ಮಾನ ಹೋಗತೈತಿ."

ಚಾಂಗುಣಾ ನನಗೆ ಸಿಕ್ಕಿದ್ದು ಹತ್ತು ದಿನದ ಮೇಲೆ, ಸ್ಟೇಷನ್ನಿನಿಂದ ಬರುವ ರಸ್ತೆಯ ಒಂದು ದೊಡ್ಡ ಹೌಸಿಂಗ್ ಸೊಸೈಟಿಯ ಗೇಟಿನ ಹೊರಗೆ. ಜೋರು ಮಳೆ. ಅವಳು ಬುಟ್ಟಿ ಇಳಿಸಿ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಬುಟ್ಟಿಯ ಮೇಲೆ ಒಂದು ದೊಡ್ಡ ಕಪ್ಪು ಕೊಡೆ, ಅದನ್ನು ಹಿಡಿದು ನಿಂತವನು ಸೊಸೈಟಿಯ ವಾಚ್‌ಮನ್. ಅವನು ನೆನೆಯುತ್ತಿದ್ದ, ಮೀನು ನೆನೆಯುತ್ತಿರಲಿಲ್ಲ.

"ಮೀನಿಗ್ಯಾಕಪ್ಪಾ ಕೊಡೆ?" ಎಂದೆ.

"ಐಸ್ ಕರಗುತ್ತೆ ಮಾತಾಜೀ," ಎಂದ ಅವನು ಹಿಂದಿಯಲ್ಲಿ, ಬಹಳ ಗಂಭೀರವಾಗಿ.

ನಾನು ಚಾಂಗುಣಾಳ ಪಕ್ಕದಲ್ಲಿ ಕೂತೆ. ಬುಟ್ಟಿಯಲ್ಲಿ ಮುಕ್ಕಾಲು ಪಾಲು ಮೀನು ಹಾಗೇ ಇತ್ತು.

"ಗೇಟ್ ಗೇಟಿಗೆ ಹೋಗ್ತೀನಿ ಟೀಚರ್‌ಬಾಯಿ. ಎಲ್ಲರೂ ಇಂಟರ್‌ಕಾಮ್‌ನಲ್ಲಿ ಕೇಳ್ತಾರೆ, ಕ್ಲೀನ್ ಮಾಡಿ ಪ್ಯಾಕೆಟ್‌ನಲ್ಲಿ ಹಾಕಿ ಕೊಡ್ತೀಯಾ ಅಂತ. ಅರ್ಧ ಬುಟ್ಟಿ ನಿಮ್ಮ ಹೋಟೆಲಿಗೇ ಹೋಗ್ತಿತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ದಸರಾವರೆಗೆ ನೋಡ್ತೀನಿ. ಆಮೇಲೆ ಒಂದೋ ಬುಟ್ಟಿ ಮನೆಯಲ್ಲಿ ಬೋರಲು ಹಾಕ್ತೀನಿ, ಇಲ್ಲಾ ಆ ಶೈಲೇಶನ ಹಾಗೆ ಮರಿ ತುಂಬಿಸ್ಕೊಂಡು ಬರ್ತೀನಿ. ಸಭೆಯಲ್ಲಿ ಮೊದಲು ಎದ್ದವಳೇ ಮೊದಲು ಮರಿ ಮಾರಿದ್ರೆ ಉಳಿದ ಹೆಂಗಸರು ಸುಮ್ನಿರ್ತಾರಾ? ಎಲ್ಲಾ ಅಲ್ಲಿಗೇ ಮುಗೀತು."

"ನಾನು ತಾರಾನಿಗೆ ಹೇಳ್ತೇನೆ."

"ಹೇಳ್ಬೇಡಿ. ಬೇಡಿ ಬಂದ ಹಾಗಾಗತ್ತೆ."

ನಾನು ಮೂರು ಮೀನು ಕೊಂಡೆ. ಒಂಟಿ ಹೆಂಗಸಿಗೆ ಅದು ಮೂರು ದಿನಕ್ಕಾಯಿತು.

ತಾರಾನಾಥನಿಗೆ ಪಾಠ ಹೇಳಿ ಪ್ರಯೋಜನವಿಲ್ಲವೆಂದು ನನಗೆ ಅವನ ಏಳನೆಯ ವಯಸ್ಸಿನಿಂದಲೂ ಗೊತ್ತು. ಅವನನ್ನು ಒಪ್ಪಿಸಿದ್ದು ಅವನ ನಾಲಗೆಯೇ.

ನಮ್ಮಲ್ಲಿ ಮೀನು ಕೊಯ್ಯುವಾಗ ಮೊಟ್ಟೆಯ ಚೀಲ ಸಿಕ್ಕರೆ ಅದು ಮನೆಯ ಕೊನೆಯ ಮಗುವಿಗೆ. ತಾರಾನಾಥ ಆರು ಮಕ್ಕಳಲ್ಲಿ ಕೊನೆಯವನು. ಈಗ ಐವತ್ತೆರಡಾದರೂ, ತಲೆಯಲ್ಲಿ ಕೂದಲು ಲೆಕ್ಕಕ್ಕೆ ಸಿಗುವಷ್ಟಾದರೂ, ಆ ಹಕ್ಕು ಬಿಟ್ಟವನಲ್ಲ. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಖಾರ ಸವರಿ ಕಾವಲಿಯಲ್ಲಿ ಹುರಿದ ಮೊಟ್ಟೆಯ ಜೊತೆ ಅನ್ನ ಉಣ್ಣುತ್ತಾನೆ. ಮಾಂಜಿ ಕೊಯ್ದಾಗ ಸಿಕ್ಕದ್ದನ್ನು ಮಾನಮ್ಮ ತಪ್ಪದೆ ಎತ್ತಿಡುತ್ತಿದ್ದಳು.

ಶೈಲೇಶನ ಮೀನು ಶುರುವಾಗಿ ಎರಡು ವಾರ ಕಳೆದಿತ್ತು. ನಾನು ಅಲ್ಲೇ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ.

"ಮಾನಮ್ಮ, ಮೊಟ್ಟೆ ಎಲ್ಲಿ? ಇವತ್ತೂ ಇಲ್ವಾ?"

"ಎಲ್ಲಿಂದ ತರ್ಲ್ರೀ ಅಣ್ಣಾರ? ನೀವು ತರಿಸಿದ ಮೀನಿಗೆ ಇನ್ನಾ ಲಗ್ನದ ವಯಸ್ಸ ಆಗಿಲ್ಲ."

"ಎಂತ?"

"ಖರೇನ ಹೇಳ್ತೀನ್ರಿ. ದಿನಾ ನೂರ ಕೊಯ್ತೀನಿ, ಒಂದರ ಹೊಟ್ಯಾಗೂ ಏನಿಲ್ಲ. ಹಸುಗೂಸು ಕೊಯ್ದಂಗ ಆಗ್ತೈತಿ ನನಗ."

ತಾರಾನಾಥ ನನ್ನ ಕಡೆ ತಿರುಗಿದ. ನಾನು ಸೊಪ್ಪು ಬದಿಗಿಟ್ಟು ಐಸಿನಿಂದ ಒಂದು ಮೀನು ತೆಗೆದೆ. ನಲವತ್ತು ವರ್ಷಗಳ ಹಿಂದೆ ಶಾಲೆಯ ಪ್ರಯೋಗಶಾಲೆಯಲ್ಲಿ ಮಾಡಿದ ಹಾಗೆಯೇ ಹೊಟ್ಟೆಯನ್ನು ಮೆಲ್ಲಗೆ ಬಿಡಿಸಿ, ಕತ್ತಿಯ ತುದಿಯಿಂದ ಎರಡು ಎಳೆ ಎತ್ತಿ ತೋರಿಸಿದೆ.

"ಇದೇ ಅದರ ಮೊಟ್ಟೆ ಚೀಲ. ಹೊಲಿಗೆ ನೂಲಿನಷ್ಟು ಉಂಟು. ಇದು ಒಂದು ಸಲವೂ ಮೊಟ್ಟೆ ಇಟ್ಟಿಲ್ಲ ತಾರಾ."

"ಒಂದು ಹಾಗಿರಬಹುದು."

ಇನ್ನೊಂದು ಬಿಡಿಸಿದೆ. ಮಾನಮ್ಮ ಎರಡು ಬಿಡಿಸಿದಳು. ಕೊನೆಗೆ ಅವನೇ ಕತ್ತಿ ಇಸಕೊಂಡು ಒಂದರ ಮೇಲೊಂದು ಬಿಡಿಸಿ ನೋಡಿದ. ಹತ್ತು ಮೀನಿನಲ್ಲೂ ಅದೇ ನೂಲು. ಅವನು ಕೈ ತೊಳೆದು, ಆ ದಿನ ಬರಿಯ ಗಸಿ ಕಲಸಿ ಉಂಡ. ಏಳುವಾಗ, "ದೊಡ್ಡಮ್ಮ, ನಾಳೆ ಉಲ್ಹಾಸನಗರಕ್ಕೆ ಬರ್ತೀರಾ? ಆ ವರ್ಕ್‌ಶಾಪಿನ ಸಂಗಮೇಶ ಬಿಜಾಪುರದ ಕಡೆಯವನು. ಅವನ ಕನ್ನಡ ನಂಗೆ ಅರ್ಧ ತಲೆಗೆ ಹೋಗುದಿಲ್ಲ," ಎಂದ.

"ಮಾನಮ್ಮನ ಕನ್ನಡ ಇಷ್ಟು ವರ್ಷದಿಂದ ಕೇಳ್ತಿದ್ದೀಯಲ್ಲ?"

"ಇವಳು ಬೈಯುದು ಮಾತ್ರ ತಿಳೀತದೆ."

ಬೆಳಗಿನ ಗಾಡಿಯಲ್ಲಿ ಠಾಣೆಗೆ, ಅಲ್ಲಿಂದ ಕಲ್ಯಾಣ ದಾಟಿ ಉಲ್ಹಾಸನಗರಕ್ಕೆ. ತಾರಾನಾಥನ ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಹತ್ತು ತಟ್ಟೆ. ಠಾಣೆಯಲ್ಲಿ ಒಬ್ಬಳು ಹುಡುಗಿ ಮೊಬೈಲಿನಿಂದ ಕಣ್ಣೆತ್ತದೆಯೇ ಎದ್ದು, ನನ್ನ ಭುಜ ಹಿಡಿದು ತನ್ನ ಸೀಟಿನಲ್ಲಿ ಕೂರಿಸಿ, ಮತ್ತೆ ಮೊಬೈಲು ನೋಡುತ್ತಾ ನಿಂತಳು. ಅವಳ ಮುಖ ನನಗೆ ಕೊನೆಗೂ ಕಾಣಲಿಲ್ಲ.

ಸಂಗಮೇಶನ ವರ್ಕ್‌ಶಾಪು ಓಣಿಯೊಂದರ ತುದಿಯಲ್ಲಿ, ಎರಡು ಆಳು ಅಗಲದ ಜಾಗ. ಪ್ರೆಸ್ ನಿಲ್ಲಿಸಿ, ನನಗೆ ಎಣ್ಣೆ ಡಬ್ಬಿಯ ಮೇಲೆ ಗೋಣಿ ಹಾಸಿ ಕೊಟ್ಟ.

"ಇದರ ಗುಳಿ ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ಆಗ್ತದಾ?" ಎಂದ ತಾರಾನಾಥ.

"ಆಗಂಗಿಲ್ರೀ ಅಣ್ಣಾರ. ಒಮ್ಮೆ ಒತ್ತಿದ ತಗಡ ಮತ್ತ ಹಿಗ್ಗಿಸಿದ್ರ ಹರೀತೈತಿ."

"ಇಷ್ಟು ಚಿಕ್ಕದು ಯಾಕೆ ಮಾಡಿದ್ದು ಮಾರಾಯ?"

"ನೀವ ಕೊಟ್ಟ ಸ್ಯಾಂಪಲ್ ಅಷ್ಟ ಇತ್ತಲ್ರೀ." ಸಂಗಮೇಶ ಗೋಡೆಯ ಮೊಳೆಯಿಂದ ಕಾಗದಗಳ ಕಟ್ಟು ಇಳಿಸಿ ಒಂದನ್ನು ಹುಡುಕಿ ತೆಗೆದ. ಪೆನ್ಸಿಲಿನಲ್ಲಿ ಮೀನಿನ ಸುತ್ತ ಎಳೆದ ಗೆರೆ. ಗೆರೆಯೊಳಗೆಲ್ಲ ಎಣ್ಣೆಯ ಕಲೆ. "ಹಿಂಗ ಕಾಗದದ ಮ್ಯಾಲ ಇಟ್ಟು ಗೆರಿ ಹೊಡದೆ. ಬಾಲ ಇರಲಿಲ್ಲ, ಅದನ್ನ ನನ್ನ ಅಂದಾಜಿಗೆ ಹಚ್ಚೇನಿ. ನಮ್ಮೂರಾಗ ಕಡಲಿಲ್ಲ ನೋಡ್ರಿ."

"ಸ್ಯಾಂಪಲ್ ಎಲ್ಲಿ?" ಎಂದೆ ನಾನು.

"ತಿಂದ್ನಿರೀ ಅಮ್ಮಾರ. ಭಾಳ ಚಲೋ ಇತ್ತು."

ನಾನು ಎಣ್ಣೆಯ ಕಲೆಯನ್ನು ನೋಡಿದೆ. ಆಮೇಲೆ ತಾರಾನಾಥನನ್ನು. "ನೀನು ಇವನಿಗೆ ಹುರಿದ ಮೀನು ಕೊಟ್ಟೆಯಾ?"

ಕಾವಲಿಯಲ್ಲಿ ಬಿದ್ದ ಮೀನು ಕುಗ್ಗುತ್ತದೆ. ಬಾಲ, ರೆಕ್ಕೆಗಳನ್ನು ಮೊದಲೇ ಕತ್ತರಿಸಿರುತ್ತಾರೆ. ಇದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾರಾನಾಥನ ಕಿವಿ ಕೆಂಪಾಯಿತು.

"ರಜೆಗೆ ಮೊದಲಿನದ್ದು, ಚಿಕ್ಕದೊಂದು ಫ್ರೀಜರಿನಲ್ಲಿತ್ತು. ಅದನ್ನು ಹಸಿಯೇ ರೈಲಿನಲ್ಲಿ ಹೇಗೆ ತರುದು ದೊಡ್ಡಮ್ಮ? ವಾಸನೆ ಬರ್ತದಲ್ಲ, ಎಲ್ಲರೂ ನೋಡ್ತಾರೆ."

ನಾನು ನಗಬಾರದೆಂದು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಸಂಗಮೇಶನೂ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ತಾರಾನಾಥನೂ ನಕ್ಕ. ನಗುತ್ತಾ ನಗುತ್ತಾ ಅರ್ಧಕ್ಕೆ ನಿಲ್ಲಿಸಿದ. "ಅವಳು ದಿನಾ ಬುಟ್ಟಿ ಹೊತ್ಕೊಂಡು ಅದೇ ರೈಲಿನಲ್ಲಿ ಬರುದಲ್ವಾ?" ಎಂದ. ನನಗಲ್ಲ, ಕೈಯಲ್ಲಿದ್ದ ತಟ್ಟೆಗೆ.

"ಒಂದ ಮಾಡಬಹುದ್ರಿ," ಎಂದ ಸಂಗಮೇಶ. "ಮೀನಿನ ಗುಂಡಿಯಷ್ಟ ಬಡದ ಸಪಾಟ ಮಾಡಿಕೊಡ್ತೀನಿ. ಗುರುತ ಮಾತ್ರ ಉಳೀತೈತಿ, ಅದು ಹೋಗಂಗಿಲ್ಲ. ರೊಕ್ಕ ಬ್ಯಾಡ್ರಿ. ಮೀನ ತಿಂದೇನಿ."

ಉಳಿದ ತಟ್ಟೆಗಳನ್ನೂ ಟೆಂಪೋದಲ್ಲಿ ಕಳಿಸಿದೆವು. ಐದು ದಿನದಲ್ಲಿ ನೂರಿಪ್ಪತ್ತು ತಟ್ಟೆಯೂ ಚಪ್ಪಟೆಯಾಗಿ ವಾಪಸು ಬಂದವು. ನಡುವೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಹಾಗೆ ಮರಿ ಮೀನಿನ ಗೆರೆ. ಮಾನಮ್ಮ ಬೆರಳಿನಿಂದ ಬಾಲದ ಮೂಲೆ ಸವರಿ ನೋಡಿ, ಕಡ್ಡಿಯನ್ನು ಕಸದ ಡಬ್ಬಿಗೆ ಎಸೆದಳು. ಶೈಲೇಶನಿಗೆ ನಾಳೆಯಿಂದ ಬೇಡವೆಂದು ಫೋನು ಹೋಯಿತು.

ಚಾಂಗುಣಾಗೆ ಫೋನು ಮಾಡಲು ಮಾತ್ರ ತಾರಾನಾಥನ ಕೈ ಹೋಗಲಿಲ್ಲ. ನಾನೇ ಮಾಡಿದೆ.

"ತಾರ್ಯಾ ಏನಂದ?" ಎಂದಳು.

"ಏನೂ ಅನ್ನಲಿಲ್ಲ. ತಟ್ಟೆ ಚಪ್ಪಟೆ ಮಾಡಿಸಿದ."

"ನೂರಿಪ್ಪತ್ತೂ?"

"ನೂರಿಪ್ಪತ್ತೂ."

ಮರುದಿನ ಹತ್ತೂವರೆಗೆ ಬುಟ್ಟಿ ಹಿಂಬಾಗಿಲಲ್ಲಿ ಇಳಿಯಿತು. ಚಾಂಗುಣಾ ಮೆಟ್ಟಿಲ ಮೇಲೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ತಾರಾನಾಥ ಬುಟ್ಟಿಯೊಳಗೆ ಇಣುಕಿದ. ಮಾಂಜಿ ಎಂಟೇ ಎಂಟು, ಒಂದೊಂದೂ ಅಂಗೈ ಅಗಲ. ಉಳಿದದ್ದೆಲ್ಲ ಬಂಗುಡೆ, ಮತ್ತೆ ಬೆರಳುದ್ದದ ಬಂಗಾರ ಬಣ್ಣದ ಮಾಂದೇಳಿ.

"ಮಾಂಜಿ ಇಷ್ಟೇನಾ?"

"ಇಷ್ಟೇ ಸಿಕ್ಕಿದ್ದು. ನಾಳೆ ಸಿಕ್ಕದೇನೂ ಇರಬಹುದು."

ತಾರಾನಾಥ ಒಂದು ಮಾಂದೇಳಿ ಎತ್ತಿ ಅವಳ ಮುಂದೆ ಹಿಡಿದ. "ಇದು ತುಳಸಿ ದಾಟಿದ್ಯಾ? ಇದೆಂತ ಚಿಕ್ಕದಲ್ವಾ?"

"ಅದು ಅಜ್ಜಿಯಾದ್ರೂ ಅಷ್ಟೇ ಇರೋದು. ಟೀಚರ್‌ಬಾಯಿ ಹಾಗೆ." ನನ್ನ ಎತ್ತರ ನಾಲ್ಕಡಿ ಹತ್ತಿಂಚು. ನಾನು ತಲೆಯಾಡಿಸಿ ಒಪ್ಪಿಕೊಂಡೆ.

ಅವನಿಗೆ ನಗು ಬಂತು, ತೋರಿಸಲಿಲ್ಲ. ಒಳಗೆ ಹೋಗಿ ಗಲ್ಲೆಯ ಮೇಲಿನ ಹಲಗೆಯಲ್ಲಿದ್ದ 'ಪಾಪ್ಲೇಟ್ ಥಾಳಿ'ಯನ್ನು ಒರೆಸಿದ. ಸ್ವಲ್ಪ ಹೊತ್ತು ಸೀಮೆಸುಣ್ಣ ಹಿಡಿದು ನಿಂತು, 'ಇವತ್ತು ಬಂದ ಮೀನು' ಎಂದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದ. ನನ್ನನ್ನು ನೋಡಿ ಕೆಳಗೆ ಕನ್ನಡದಲ್ಲೂ. ಚಪ್ಪಟೆ ತಟ್ಟೆಯಾದ್ದರಿಂದ ಯಾವ ಮೀನಾದರೂ ಹಿಡಿಸುತ್ತಿತ್ತು. ನಾಲ್ಕು ಮಾಂದೇಳಿ ಒಂದು ಕಡೆ, ಒಂದು ಬಂಗುಡೆ ಇನ್ನೊಂದು ಕಡೆ.

ಚಾಂಗುಣಾ ಹೋಗಲಿಲ್ಲ. ತಟ್ಟೆ ಕಣ್ಣಾರೆ ನೋಡಬೇಕು ಎಂದು ಅಡುಗೆಮನೆಯ ಕಿಂಡಿಯ ಹತ್ತಿರ ನಿಂತುಕೊಂಡಳು. ಹನ್ನೆರಡಕ್ಕೆ ಮೊದಲ ಗಿರಾಕಿಗಳು ಬಂದರು. ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡ ಒಬ್ಬಳು ಹುಡುಗಿ ಮಾಂಜಿಯ ಒಂದು ತುಂಡು ಮುರಿದು, ಅಡಿಯಲ್ಲಿದ್ದ ಗೆರೆಯನ್ನು ನೋಡಿದಳು.

"ಅಂಕಲ್, ಈ ಚಿಕ್ಕದು ಏನು?" ಎಂದಳು ಹಿಂದಿಯಲ್ಲಿ.

ತಾರಾನಾಥ ಗಲ್ಲೆಯಿಂದಲೇ ಹೇಳಿದ, "ಅದು ಇನ್ನೂ ಕಡಲಲ್ಲಿ ಉಂಟು."

ಹುಡುಗಿ ನಕ್ಕು ಫೋಟೋ ತೆಗೆದಳು. ಕಿಂಡಿಯ ಹತ್ತಿರ ಚಾಂಗುಣಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ಖಾಲಿ ಬುಟ್ಟಿ ಎತ್ತಿಕೊಂಡು ಹಿಂಬಾಗಿಲಿನತ್ತ ನಡೆದಳು.

ಮಾನಮ್ಮ ಎಂದಿನ ಹಾಗೆ ಹಳೆಯ ತಟ್ಟೆಗೆ ಕೈ ಹಾಕಿದಳು. ತಾರಾನಾಥ ಬಂದು ಅದನ್ನು ಪಕ್ಕಕ್ಕೆ ಸರಿಸಿ, ಹೊಸದೊಂದನ್ನು ತೆಗೆದುಕೊಂಡ. ತಾನೇ ಅನ್ನ ಹಾಕಿದ, ಗಸಿ ಹೊಯ್ದ, ಒಂದು ಬಂಗುಡೆ ಇಟ್ಟ. ಕಾವಲಿಯ ಅಂಚಿನಲ್ಲಿ ಅವನಿಗೆಂದು ಮಾನಮ್ಮ ಹುರಿದಿಟ್ಟಿದ್ದ ಮಾಂಜಿಯ ಮೊಟ್ಟೆ ಇತ್ತು, ಎರಡು ಬೆರಳು ಗಾತ್ರದ್ದು, ಹೊಂಬಣ್ಣಕ್ಕೆ ತಿರುಗಿದ್ದು. ಅವನು ಅದನ್ನು ಸಟ್ಟುಗದಿಂದ ಎತ್ತಿ, ತಟ್ಟೆಯ ನಡುವೆ ಆ ಗೆರೆಯ ಮೇಲೆ ಇಟ್ಟ.

ಹಿಂಬಾಗಿಲಲ್ಲಿ ಚಾಂಗುಣಾ ಚಪ್ಪಲಿ ಮೆಟ್ಟುತ್ತಿದ್ದಳು. ಅವನು ತಟ್ಟೆ ಚಾಚಿದ. ಅವಳು ಬುಟ್ಟಿ ಕೆಳಗಿಟ್ಟು, ಎರಡೂ ಕೈಯಲ್ಲಿ ತಟ್ಟೆ ಇಸಕೊಂಡು, ತನ್ನ ಮೆಟ್ಟಿಲ ಮೇಲೆ ಕೂತಳು.